ಮುಕ್ಕಾಲು ಸುತ್ತು

ಪುಂತಾ ಅರೇನಾಸ್‌ನಲ್ಲಿ ಗಾಳಿಗೆ ರಜೆಯಿಲ್ಲ.
ಬೋಲ್ಟು ಬಿಚ್ಚಿದ್ದೇ ತಡ, ಕಪ್ಪು ಎಳೆ ಓರೆಯಾಗಿ ಹಾರಿ
ಬೋಗುಣಿ ತಪ್ಪಿಸಿ ಎದುವಿನಾಳ ತೋಳಿಗಿಳಿಯಿತು, ಬಿಸಿಬಿಸಿ.
ಬೈದಳು. ಮುರುಕು ಬಾಗಿಲೊಂದನ್ನು ಗಾಳಿಗಡ್ಡ ನಿಲ್ಲಿಸಿ
ಮತ್ತೆ ತೂರಿದಳು ಸುಜುಕಿಯ ಹೊಟ್ಟೆಯಡಿಗೆ.

ಫಿಲ್ಟರ್ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಬಿಗಿದವನು ನೊಲ್ಬೆರ್ತೊ.
ನಲ್ಲಿ, ಜಾಮಿನ ಸೀಸೆ, ಮಗಳ ಬೂಟಿನ ಲಾಡಿ,
ಅವನು ಬಿಗಿದದ್ದನ್ನು ಅವನೇ ಬಿಚ್ಚಬೇಕು.
ಕುರಿಯುಣ್ಣೆ ಕತ್ತರಿಸಲು ಗಡಿ ದಾಟಿದವನು
ಈಗ ಅಲ್ಲಿ ಇನ್ಯಾರದೋ ಮನೆಯ ನಲ್ಲಿ ಬಿಗಿಯುತ್ತಿದ್ದಾನಂತೆ.

ಮರಳುಕಾಗದ ಸುತ್ತಿ, ಅದರ ಮೇಲೆ
ಅವನೇ ಬಿಟ್ಟುಹೋದ ಬೆಲ್ಟು ಸುತ್ತಿ,
ಹಲ್ಲು ಕಚ್ಚಿ ತಿರುವಿದಳು.
ಕಟ್ ಅಂತೊಂದು ಸದ್ದು,
ಯಾರೋ ಕೊನೆಗೂ ತಪ್ಪೊಪ್ಪಿಕೊಂಡಂತೆ.

ಹಳೆಯ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಕೂತಿತ್ತು.
ಉಗುರಲ್ಲಿ ಕೆರೆದು ತೆಗೆದಳು:
ಅದರ ಮೇಲೇ ಹೊಸದು ಕೂತರೆ ಸೋರದೆ ಬಿಡದು.

ಹೊಸದರ ಅಂಚಿಗೆ ಬೆರಳಲ್ಲಿ ಎಣ್ಣೆ ಸವರಿ
ತಾಗುವ ತನಕ ತಿರುಗಿಸಿ,
ಆಮೇಲೆ ಮುಕ್ಕಾಲು ಸುತ್ತು.
ಇನ್ನೊಂಚೂರು, ಅಂದಿತು ಕೈ.
ಸಾಕು, ಅಂದಳು ಕೈಗೆ.
ಮುಂದಿನ ಸಲ ಬಿಚ್ಚುವವಳೂ ನಾನೇ.