ಎರಡನೇ ಸಾಕ್ಷಿ

ಲಿಂಗಸುಗೂರು ಕೋರ್ಟಿನ ಪಕ್ಕ, ಬೇವಿನ ಬುಡದಲ್ಲಿ
ನನ್ನ ಕಂಪ್ಯೂಟರು, ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ.
ಪುಟಕ್ಕೆ ಇಪ್ಪತ್ತು ರೂಪಾಯಿ. ಮಾತು ಅವರದು, ಅಕ್ಷರ ನನ್ನದು.
ಪಾಲುಪತ್ರ, ಬಾಡಿಗೆ ಕರಾರು, ಕಳೆದುಹೋದ ಮಾರ್ಕ್ಸ್ ಕಾರ್ಡು.
ಹದಿನಾಲ್ಕು ವರ್ಷದಲ್ಲಿ ಇಂಥದೊಂದನ್ನು ಬರೆಸಿದವರಿಲ್ಲ.

ಹಟ್ಟಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದರು.
ಹುಸೇನಪ್ಪ, ಅರವತ್ತೊಂದು.
ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ, ನೆಲದ ಕೆಳಗಿನ ಪಾಳಿ.
ಎರಡು ಮಾತಿಗೊಂದು ಉಸಿರು ಎಳೆದುಕೊಂಡು ಹೇಳಿದರು:
"ಬರಿಯವ್ವ. ಎದಿಯೊಳಗ ಕಲ್ಲಿನ ಹಿಟ್ಟು ಕುಂತೈತಿ.
ಮುಂದ ಬಾಯಿ ಬಿದ್ದಾಗ ಗಂಟಲಿಗೆ ನಳಿಗಿ ಇಳಿಸಬ್ಯಾಡ್ರಿ.
ಮಷೀನು ನನ್ನ ಸಲುವಾಗಿ ಉಸಿರಾಡೂದು ಬ್ಯಾಡ.
ನೋವಿಗೆ ಔಷಧ ಕೊಡ್ರಿ. ನೀರು ಕೇಳಿದ್ರ ನೀರು.
ಅಷ್ಟ."

"ಅಷ್ಟ" ಅನ್ನುವುದನ್ನೂ ಹೊಡೆದು, ಆಮೇಲೆ ಅಳಿಸಿದೆ.

ರೊಕ್ಕದ ಚಿಂತೀನಾ? ಕೇಳಬಾರದಿತ್ತು, ಕೇಳಿದೆ.
"ಚಿಂತಿ ಇಲ್ಲಂದ್ರ ಸುಳ್ಳಾಗತೈತಿ.
ಆದ್ರ ರೊಕ್ಕ ಇದ್ದರೂ ಬರಸ್ತಿದ್ದೆ."
ಸ್ವಲ್ಪ ತಡೆದು, "ಬರಸ್ತಿದ್ದೆ ಅನ್ಕೋತೀನಿ."

"ಗಣಿ ಗಂಟಿ ಗೊತ್ತೇನು ನಿನಗ?
ಒಂದು ಬಡದ್ರ ನಿಲ್ಲು. ಎರಡು ಬಡದ್ರ ಇಳಿಸು.
ಮೂರಂದ್ರ ಕೇಜಿನೊಳಗ ಮನಷ್ಯಾರದಾರ, ಹುಷಾರ.
ಕೆಳಗ ನಿಂತಂವ ಗಂಟಿ ಬಾರಸದ
ಮ್ಯಾಲಿನಂವ ಎಂಜಿನ್ ಮುಟ್ಟಂಗಿಲ್ಲ.
ಎಂಥಾ ಸಾಹೇಬ ಇರಲಿ, ಮುಟ್ಟಂಗಿಲ್ಲ."

ಅಯ್ಯಮ್ಮ ಚೀಲ ತೊಡೆಮೇಲಿಟ್ಟುಕೊಂಡು
ರಸ್ತೆ ಕಡೆ ಮುಖ ಮಾಡಿ ಕೂತಿದ್ದಳು. ತಿರುಗದೆಯೇ ಅಂದಳು:
"ನಿನ್ನ ಉಸಿರು ನಿಂದ, ಖರೆ.
ಮೂವತ್ತೆಂಟು ವರ್ಷ ಅದನ್ನ ಕೇಳಕೋತ ಮಲಗಿದಾಕಿ ನಾನು.
ಅದು ನಿಂತ ರಾತ್ರಿ ನಿದ್ದಿಗೆಡಾಂವ ನೀನಲ್ಲ."
ಅವರು ಉತ್ತರ ಕೊಡಲಿಲ್ಲ.
ಇದ್ದಂತೆ ನನಗೂ ಕಾಣಲಿಲ್ಲ.

ನಮೂನೆಯಲ್ಲಿ ಒಂದು ಖಾಲಿ ಜಾಗ:
ನಾನು ಮಾತಾಡಲಾಗದ ದಿನ ನನ್ನ ಪರವಾಗಿ ಹೇಳುವವರು.
ಹುಸೇನಪ್ಪನ ಬೆರಳು ಅಯ್ಯಮ್ಮನ ಕಡೆ ಹೋಯಿತು.
"ಬ್ಯಾಡ ಅನ್ನಾಕಿನ್ನ ಬರಸ್ತೀಯಲ್ಲ?"
"ಅದಕ್ಕ ಮತ್ತ. ಸುಮ್ಮಸುಮ್ಮನ ಹ್ಞೂಂ ಅನ್ನಾಕಿ ಅಲ್ಲ ನೀನು."

ರಾಯಚೂರಿನ ದೊಡ್ಡಾಸ್ಪತ್ರೆಯಲ್ಲಿ ನನ್ನವ್ವ
ಹನ್ನೊಂದು ದಿನ ಬಾಯಲ್ಲಿ ನಳಿಗೆ ಇಟ್ಟುಕೊಂಡಿದ್ದಳು.
ಆರನೇ ದಿನ ಬಲಗೈ ಎತ್ತಿ ಗಾಳಿಯಲ್ಲಿ ಏನೋ ತಿರುವಿದಳು.
ತೆಗೆಯಿರಿ ಎಂದಳೋ, ನೀ ಹೋಗಬೇಡ ಎಂದಳೋ,
ಬೀಸುಕಲ್ಲಿನ ಹಳೇ ರೂಢಿಯೋ.
ಡಾಕ್ಟರು ಕೇಳಿದರು. ಮುಂದುವರಿಸಿ, ಅಂದೆ.
ಕೆಲವು ರಾತ್ರಿ ಅದು ಸರಿ ಅನಿಸುತ್ತದೆ.
ಕೆಲವು ರಾತ್ರಿ ನನ್ನ ಕೈಯನ್ನೇ
ಹಾಗೆ ತಿರುವಿ ತಿರುವಿ ನೋಡುತ್ತೇನೆ.

ಕೊನೆಯ ಸಾಲು ಓದಿ ಹೇಳಿದೆ:
ಬುದ್ಧಿ ಸ್ಥಿಮಿತದಲ್ಲಿರುವವರೆಗೆ ಇದನ್ನು
ಯಾವಾಗ ಬೇಕಾದರೂ ರದ್ದು ಮಾಡುವ ಹಕ್ಕು ನನಗಿದೆ.
ಅಯ್ಯಮ್ಮ ಈಗ ತಿರುಗಿ ಕೂತಳು.
"ಆ ಸಾಲು ದಪ್ಪ ಅಕ್ಷರದಾಗ ಹಾಕವ್ವ."
ಹಾಕಿದೆ. ದುಡ್ಡು ಹಿಡಿಯಲಿಲ್ಲ.

ಮೊದಲ ಸಾಕ್ಷಿ ಖಾಜಾಮೈನುದ್ದೀನ, ಒಂದೇ ಪಾಳಿಯ ಗೆಳೆಯ;
ಅವನಿಗೂ ಅದೇ ಕೆಮ್ಮು. ಓದದೆ ಸಹಿ ಮಾಡಿದ.
ಎರಡನೆಯವರಿಲ್ಲ. ಚಹದಂಗಡಿಯವನು ಕೈ ಮುಗಿದ:
"ಜಮೀನಿಂದಾದ್ರ ಮಾಡ್ತೀನ್ರಿ. ಇದಕ್ಕ ನನ್ನ ಹೆಸರು ಬ್ಯಾಡ."
ನೋಟರಿ ಗಡಿಯಾರ ನೋಡಿಕೊಂಡರು.
ಇಷ್ಟು ವರ್ಷ ಇನ್ನೊಬ್ಬರ ಮಾತಿನ ಕೆಳಗೆ
ನನ್ನ ಹೆಸರು ಬಂದಿರಲಿಲ್ಲ.
ಪೆನ್ನು ಕೊಡಿ, ಅಂದೆ.

ಹೆಬ್ಬೆಟ್ಟಿನ ನೀಲಿಯನ್ನು ಅಯ್ಯಮ್ಮ
ತಲೆಗೂದಲಿಗೆ ಒರೆಸಿಕೊಂಡಳು.
ನೋಟರಿಯ ಕಟ್ಟೆಗೆ ಮೂರೇ ಮೆಟ್ಟಿಲು.
ಎರಡನೆಯದರಲ್ಲಿ ಅವರು ನಿಂತರು, ಕಂಬ ಹಿಡಿದು.
ಅವಳು ಕೈ ಕೊಡಲಿಲ್ಲ. ಮುಂದೆಯೂ ಹೋಗಲಿಲ್ಲ.
ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡು
ಬಿಸಿಲಲ್ಲಿ ನಿಂತಳು.

ಕುರ್ಚಿಗೆ ಮುಂದಿನವರು ಬಂದರು.
ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿದೆಯಂತೆ.