ಎರಡೂ ಬದಿ

ಬ್ಯಾಂಕಿನ ಎದುರಿಗೇ ನನ್ನ ಝೆರಾಕ್ಸ್ ಅಂಗಡಿ,
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ.
ಒಂದು ಬದಿಗೆ ಎರಡು ರೂಪಾಯಿ, ಎರಡೂ ಬದಿಗೆ ಮೂರು.
ಯಂತ್ರಕ್ಕೆ ಓದಲು ಬರುವುದಿಲ್ಲ. ನನಗೆ ಬರುತ್ತದೆ.
ಓದಬಾರದು ಅಂದುಕೊಳ್ಳುತ್ತೇನೆ, ಪ್ರತಿ ಸಲ.

ನಿಖತ್ ಮೊದಲು ತಂದದ್ದು ಒಂದೇ ಹಾಳೆ,
ಗ್ಲಾಸ್ಗೋದಿಂದ ಬಂದ ಪ್ರವೇಶಪತ್ರ.
"ಐದು ಕಾಪಿ ಆಂಟಿ, ಕಲರ್ ಬೇಡ."
ಬೇಡ ಅಂದಳೇ ಹೊರತು
ಲಾಂಛನದ ನೀಲಿ ಕಪ್ಪಾಗಿ ಬಂದದ್ದನ್ನು
ಬೆಳಕಿಗೆ ಹಿಡಿದು ನೋಡುತ್ತ ನಿಂತಳು.
ಓದುವ ವಿಷಯ ಉದ್ದನೆಯ ಇಂಗ್ಲಿಷಿನಲ್ಲಿತ್ತು,
ಅವಳೇ ಬಿಡಿಸಿ ಹೇಳಿದಳು:
"ನಮ್ಮ ಬೀದೀಲಿ ರಾತ್ರಿಯೆಲ್ಲ ಕೆಮ್ತಾರಲ್ಲ, ಅದು."

ಆಮೇಲೆ ಕಾಗದಗಳು ಮರಿ ಹಾಕತೊಡಗಿದವು.
ಹತ್ತನೇ ತರಗತಿಯ ಅಂಕಪಟ್ಟಿ, ಅಪ್ಪನ ಮರಣಪತ್ರ,
ಮೂರು ವರ್ಷದ ಆದಾಯ ತೆರಿಗೆ.
"ತೆರಿಗೆ ಕಟ್ಟೋಷ್ಟು ಇದ್ದಿದ್ರೆ ಸಾಲ ಯಾಕೆ ಕೇಳ್ತಿದ್ದೆ?"
ನನ್ನ ಹತ್ತಿರ ಅಂದಳು, ಮ್ಯಾನೇಜರ ಹತ್ತಿರ ಅನ್ನಲಿಲ್ಲ.
ಬೇಕಾದದ್ದು ಇಪ್ಪತ್ತೆಂಟು ಲಕ್ಷ.
ಅಷ್ಟಕ್ಕೆ ಮನೆಪತ್ರ ಇಡಬೇಕು.

ಮನೆ ಅಂದರೆ ಒಂದು ಹಜಾರ,
ಹಿಂದೆ ನೂಲು ಬಿಚ್ಚುವ ಎರಡು ಬಾಣಲೆ.
ಖಾತೆ ಇನ್ನೂ ತಾತನ ಹೆಸರಿನಲ್ಲಿದೆ,
ತಾತ ಮಣ್ಣಾಗಿ ಹದಿನಾರು ವರ್ಷ.
ಒಬ್ಬೊಬ್ಬರಾಗಿ ಬಂದರು ಸೋದರತ್ತೆಯರು, ಆಧಾರ್ ಹಿಡಿದು:
ಚಿಂತಾಮಣಿಯವರು ಹಲಸಿನ ತೊಳೆ ಕಟ್ಟಿಕೊಂಡು,
ವಿಜಯಪುರದವರು ಗಂಡನನ್ನು ರಸ್ತೆಯಲ್ಲೇ ನಿಲ್ಲಿಸಿ.
ಮೂರನೆಯವರು ಕಾಪಿ ಮಾಡಿಸಿ, ದುಡ್ಡು ಕೊಟ್ಟು,
ಸಹಿ ಹಾಕದೆ ವಾಪಸು ಹೊರಟುಹೋದರು.
ಎಂಟು ದಿನ ಬಿಟ್ಟು ಬಂದರು.
ಯಾಕೆ ಹೋದರೋ, ಯಾಕೆ ಬಂದರೋ,
ಆ ಹಾಳೆಯ ಯಾವ ಬದಿಯಲ್ಲೂ ಇರಲಿಲ್ಲ.

ಕೊನೆಗೆ ಸಹ-ಸಾಲಗಾರ್ತಿ: ಅಮ್ಮ ಖುರ್ಷಿದಾ.
ಬ್ಯಾಂಕಿನ ಬೆರಳಚ್ಚಿನ ಯಂತ್ರ ಕೆಟ್ಟಿತ್ತು,
ಪಿಂಚಣಿಯವರಿಗೆಂದು ನಾನಿಟ್ಟ ಯಂತ್ರದ ಮುಂದೆ ಕೂತರು.
ಹೆಬ್ಬೆರಳು. ಹೊಂದಿಕೆಯಾಗಲಿಲ್ಲ.
ತೋರುಬೆರಳು. ಹೊಂದಿಕೆಯಾಗಲಿಲ್ಲ.
ಸೆರಗಿಗೆ ಒರೆಸಿ ಒರೆಸಿ ಹತ್ತೂ ಬೆರಳು ಇಟ್ಟರು,
ಮಗ್ಗಿ ಮರೆತ ಮಗು ಮತ್ತೆ ಮೊದಲಿನಿಂದ ಶುರುಮಾಡುವ ಹಾಗೆ.
ಇಪ್ಪತ್ತೆರಡು ವರ್ಷ ಕುದಿನೀರಿನಲ್ಲಿ
ಗೂಡಿನ ಎಳೆಯ ತುದಿ ಹುಡುಕಿದ ಬೆರಳುಗಳು,
ಗೆರೆಯೇ ಇಲ್ಲ, ಬೆಂದ ಬಟಾಣಿಯ ನುಣುಪು.
ನಾನು ಗಾಜು ಒರೆಸಿದೆ, ತಪ್ಪು ಗಾಜಿನದೇ ಎಂಬಂತೆ.

"ನಾನು ನಾನಲ್ಲವಂತೆ," ಎಂದು ನಕ್ಕರು ಖುರ್ಷಿದಾ.
ನಿಖತ್ ನಗಲಿಲ್ಲ.
ಪ್ರವೇಶಪತ್ರದ ಕಾಪಿಯೊಂದನ್ನು ಮಗುಚಿ
ಹಿಂಬದಿಯಲ್ಲಿ ಬರೆದುಕೊಂಡಳು:
ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ, ನೀರು ಎಷ್ಟು ಬಿಸಿ.
ಕೈ ನಡುಗಿ ಸೊನ್ನೆಗಳೆಲ್ಲ
ಗೂಡಿನ ಆಕಾರಕ್ಕೆ ತಿರುಗಿದವು.

ಎರಡು ದಿನದ ಮೇಲೆ ಚಿಕ್ಕಬಳ್ಳಾಪುರದಿಂದ
ಕಣ್ಣಿನ ಯಂತ್ರ ತರಿಸಿದರು.
ಕಣ್ಣು ಒಪ್ಪಿತು. ಹೊಗೆಗೆ ಕೆಂಪಾಗಿದ್ದರೂ ಒಪ್ಪಿತು.

ಮಂಜೂರಾದದ್ದು ಇಪ್ಪತ್ತೊಂದು. ಏಳು ಕಮ್ಮಿ.
ಹನ್ನೊಂದು ಹಾಳೆ, ಎರಡೂ ಬದಿ.
ಓದು ಮುಗಿದು ವರ್ಷದ ತನಕ ಕಂತು ಇಲ್ಲ,
ಬಡ್ಡಿ ಮಾತ್ರ ಮೊದಲ ದಿನದಿಂದ ಎಂದು
ಏಳನೇ ಹಾಳೆಯ ಹಿಂದೆ ಇರುವೆಯಷ್ಟು ಅಕ್ಷರ.
ಬೆರಳಿಟ್ಟು ತೋರಿಸಿದೆ. "ಗೊತ್ತು ಆಂಟಿ," ಅಂದಳು.
ಮಿಕ್ಕದ್ದು ಎಲ್ಲಿಂದ ಅಂತ ನಾನು ಕೇಳಲಿಲ್ಲ.
ಅವಳು ನನ್ನ ಕಡೆ ನೋಡಿದಂತೆ ಅನ್ನಿಸಿ
ಹಾಳೆಗಳ ಅಂಚು ಕುಟ್ಟಿ ಕುಟ್ಟಿ ಸರಿಮಾಡಿದೆ,
ಸರಿಯಾಗಿದ್ದವನ್ನೇ.

ಖುರ್ಷಿದಾ ಮೂವತ್ತಮೂರು ರೂಪಾಯಿ ಎಣಿಸಿಟ್ಟರು.
ನೋಟು ಒದ್ದೆ, ಬೆಂದ ಹುಳುವಿನ ವಾಸನೆ.
ಅವರು ರಸ್ತೆ ದಾಟಿದ ಮೇಲೆ
ಯಂತ್ರದ ಬಿಸಿ ಮುಚ್ಚಳದ ಮೇಲೆ
ಒಣಗಲೆಂದು ಹರವಿದೆ, ಒಂದು ಬದಿ,
ಆಮೇಲೆ ಮಗುಚಿ ಇನ್ನೊಂದು.