ಮಾದರಿ ಸಂಖ್ಯೆ ಇನ್ನೂರ ಹನ್ನೆರಡು

ಮೂವತ್ತೊಂದು ವರ್ಷ ಅಬಕಾರಿ ಲ್ಯಾಬಿನಲ್ಲಿ
ಊರವರ ಕುಡಿತ ಅಳೆದವಳು ನಾನು,
ಒಂದು ಹನಿ ನಾಲಿಗೆಗೆ ತಾಗಿಸದೆ.
ತೇಲುವ ಗಾಜಿನ ಬುರುಡೆ ಎಲ್ಲಿ ನಿಂತಿತೋ
ಅಲ್ಲಿ ನನ್ನ ಕಣ್ಣು, ಅಲ್ಲೇ ನನ್ನ ಸಹಿ.
ನಿವೃತ್ತಿಯ ದಿನ ಹೊದಿಸಿದ ಶಾಲಿಗೂ
ಸ್ಪಿರಿಟ್ಟಿನ ವಾಸನೆ.

ಇವತ್ತು ಓಬಳೇಶನ ತಾರಸಿ. ಜೋಗಿಮಟ್ಟಿಯ ಕಡೆ
ಗಾಳಿಯಂತ್ರಗಳ ಕೆಂಪು ದೀಪ
ಹೊತ್ತಿ, ಆರಿ, ಹೊತ್ತಿ.
ಅವುಗಳ ರೆಕ್ಕೆ ರಿಪೇರಿಗೆ ಬಂದ ಕೆನಡಾದವನು
ಆರು ತಿಂಗಳು ಇವನ ಮಹಡಿ ಕೋಣೆಯಲ್ಲಿದ್ದು
ಮುದ್ದೆ ನುಂಗುವುದು ಕಲಿತು, ಹೋಗುವಾಗ
ಎರಡು ಬಾಟಲಿ ಬಿಟ್ಟುಹೋದನಂತೆ:
ಒಂದರಲ್ಲಿ ರೈ ವಿಸ್ಕಿ, ಇನ್ನೊಂದರಲ್ಲಿ ಮೇಪಲ್ ಪಾಕ.
"ನೀವು ಬರೋವರ್ಗೂ ಬಿರಡೆ ತೆಗ್ದಿಲ್ಲ ಮೇಡಂ."

ನನ್ನ ಅಟೆಂಡರ್ ಆಗಿದ್ದವನು. ಸೀಸೆ ತೊಳೆದವನು.
ಸ್ಟೀಲ್ ಲೋಟ ಬೇಡವೆಂದು
ಸೊಸೆಯ ಷೋಕೇಸಿನಿಂದ ಗಾಜಿನದು ತಂದ.

ಮೊದಲು ಬರಿಯದು. ನೀರಿಲ್ಲ, ಐಸಿಲ್ಲ.
ಲೇಬಲ್ ಓದಿದೆ, ಹಳೇ ಚಟ: ನಲವತ್ತೈದು ಪರ್ಸೆಂಟ್.
ಗಂಟಲಿಗೆ ಸಂಖ್ಯೆ ಗೊತ್ತಿಲ್ಲ.
ಓಂಕಾಳು ಅಗಿದಂತೆ ಮೊದಲು ಚುರುಕು,
ಆಮೇಲೆ ಒಣಹುಲ್ಲು,
ಬಣವೆಯೊಳಗೆ ಕೈ ಹಾಕಿದಾಗಿನ ಬಿಸಿ,
ಎಲ್ಲ ಇಳಿದ ಮೇಲೆ, ತಡವಾಗಿ,
ಸೀದ ರೊಟ್ಟಿಯ ಅಂಚು.
ಕೆಮ್ಮಿದೆ. ಚಳ್ಳಕೆರೆ ಶೇಂಗಾ ಮುಂದೆ ತಳ್ಳಿದ.
"ಯಾವ ಕಾಳಿಂದು?"
ರೈ ಅಂದರೆ ರಾಗಿಯಲ್ಲ, ಗೋಧಿಯ ದಾಯಾದಿ,
ಚಳಿಗೆ ಹೆದರದ್ದು, ಬಡ ನೆಲದ್ದು ಎಂದೆ.
"ನಮ್ ಸಾವೆ ಇದ್ದಂಗೆ," ಎಂದ. ಇರಬಹುದು.

ಎರಡನೆಯದನ್ನು ಅವನೇ ಬೆರೆಸಿದ,
ಕೆನಡಾದವನು ಚೀಟಿಯಲ್ಲಿ ಗೀಚಿಕೊಟ್ಟಂತೆ:
ಪಾಕ ಒಂದು ಚಮಚ, ಕಹಿರಸ ನಾಲ್ಕು ಹನಿ.
ಆ ಕಹಿ ಎಲ್ಲಿ ಸಿಗಬೇಕು ದುರ್ಗದಲ್ಲಿ?
ಹೇರಳೆಕಾಯಿ ಸಿಪ್ಪೆ ಹಿಂಡಿದ. ಐಸು ಹಾಕಿದ.
ಅದೇ ವಿಸ್ಕಿ ಈಗ ಪಟ್ಟಣದಲ್ಲಿ ಓದಿ ಬಂದಂತೆ ನಯ;
ಚುರುಕು ಇದೆ, ದಿಂಬಿನ ಕೆಳಗೆ.
ರುಚಿಯಾಗಿತ್ತು. ಸುಳ್ಳು ಹೇಳಲಾರೆ.
ಬೆರೆಸಿದ್ದಕ್ಕೆಲ್ಲ ನನ್ನ ರಿಜಿಸ್ಟರಿನಲ್ಲಿ
ಇದ್ದದ್ದು ಒಂದೇ ಕಾಲಂ, ಕಲಬೆರಕೆ,
ಎಂದು ನಕ್ಕೆ. ಅವನು ನಗಲಿಲ್ಲ.

ಪಾಕದ ಬಾಟಲಿಯ ಬಾಯಿ ಬೆರಳಲ್ಲಿ ಒರೆಸಿ ನೆಕ್ಕಿದ.
"ಇದು ಮರದ್ದು."
ಹೌದು, ಕಾಂಡಕ್ಕೆ ತೂತು ಕೊರೆದು, ಬಕೆಟ್ ಕಟ್ಟಿ...
"ಗೊತ್ತಾಯ್ತು. ಗಾಯ ಮಾಡಿ ತೆಗ್ದ ಸಿಹಿ ಬೇರೆ ಇರ್ತೈತೆ.
ನಮ್ಮಪ್ಪ ಈಚಲಕ್ಕೆ ಮಡಕೆ ಕಟ್ತಿದ್ದ.
ಹೊತ್ತು ಹುಟ್ಟೋಕೆ ಮುಂಚೆ ಇಳ್ಸಿದ್ರೆ ಹಾಲು,
ಹತ್ತು ಗಂಟೆಗೆ ಹುಳಿ, ಸಂಜೆಗೆ ಜಗಳ."
ಒಂದೇ ಸೂರಿನಡಿ ಅಷ್ಟು ವರ್ಷ ಇದ್ದೂ
ಇದನ್ನವನು ಹೇಳಿರಲಿಲ್ಲ.

ಆಮೇಲೆ, ಶೇಂಗಾ ಸಿಪ್ಪೆ ಊದುತ್ತ:
"ಇನ್ನೂರ ಹನ್ನೆರಡು ನಮ್ಮಪ್ಪಂದು, ಮೇಡಂ."

ಯಾವ ವರ್ಷದ್ದು? ವರ್ಷಕ್ಕೊಂದು
ಇನ್ನೂರ ಹನ್ನೆರಡು ಇರುತ್ತಿತ್ತಲ್ಲ.
"ಕ್ಲೋರಲ್ ಹೈಡ್ರೇಟ್ ಐತೆ ಅಂತ ಬರ್ದಿದ್ರಿ.
ಇತ್ತು. ಆ ಸಲ ಮರ ಸರಿಯಾಗಿ ಸುರೀಲಿಲ್ಲ,
ನೀರು ಹೊಯ್ದ, ನೀರಿಗೆ ಪುಡಿ ಹಾಕ್ದ.
ನೀವು ಸರಿಯಾಗೇ ಬರ್ದಿದ್ರಿ.
ಸೀಸೆ ನಾನೇ ತೊಳ್ದೆ."

ಆಗಲೇ ಹೇಳಬಾರದಿತ್ತೆ ಎನ್ನಲು ಹೋಗಿ
ಬಾಯಿ ಮುಚ್ಚಿದೆ. ಹೇಳಿದ್ದರೆ?
ಬುರುಡೆ ನಿಂತಲ್ಲೇ ನಿಲ್ಲುತ್ತಿತ್ತು.

ಪುಡಿ ಹಾಕದಾಗ ಹೇಗಿರುತ್ತಿತ್ತು, ಓಬಳೇಶ?
ತುಂಬ ಹೊತ್ತು ಯೋಚಿಸಿದ.
ಬರಿಯ ವಿಸ್ಕಿಯ ಲೋಟ ಮುಟ್ಟಿ, "ಇದಲ್ಲ," ಎಂದ.
ಬೆರೆಸಿದ್ದನ್ನು ಮುಟ್ಟಿ, "ಇದೂ ಅಲ್ಲ."

ಎರಡನ್ನೂ ಎತ್ತಿಕೊಂಡು ತೊಳೆಯಲು ಎದ್ದ.
ಕೊಡು ಇಲ್ಲಿ ಎಂದು ಕಸಿದುಕೊಂಡೆ.
ಸಿಂಟೆಕ್ಸಿನ ನೀರು ಇನ್ನೂ ಬೆಚ್ಚಗಿತ್ತು.
ಒಂದು ಲೋಟ ಬೇಗ ಸ್ವಚ್ಛವಾಯಿತು.
ಇನ್ನೊಂದರ ಅಂಟು
ಉಜ್ಜಿದಷ್ಟೂ ಬೆರಳಿಗೇ ಬರುತ್ತಿತ್ತು.